ಲ್ಯಾಂಬ್ಡಾದಷ್ಟೇ ಬಿಗಿಯಾದ ಕಂಟೇನರ್: ಸರ್ವರ್‌ಲೆಸ್ ಕೆಲಸಕ್ಕೆ ಲ್ಯಾಪ್‌ಟಾಪ್ ಸಜ್ಜು ಮಾಡಿಕೊಳ್ಳುವ ಬಗೆ

ನಮ್ಮ ತಂಡ ನೋಡಿಕೊಳ್ಳುವ ಕೆಲಸಗಳಲ್ಲಿ ನನ್ನ ಮನಸ್ಸಿಗೆ ತೀರ ಹತ್ತಿರವಾದದ್ದು ಚಾಮರಾಜಪೇಟೆಯ ಒಂದು ಪತ್ತಿನ ಸಹಕಾರ ಸಂಘದ ಪಿಗ್ಮಿ ಲೆಕ್ಕ. ಸಂಘದ ಪಿಗ್ಮಿ ಏಜೆಂಟರು ಕೆ.ಆರ್. ಮಾರ್ಕೆಟ್ಟಿನ ಹೂವಿನವರು, ತರಕಾರಿಯವರ ಬಳಿ ದಿನಾ ಐವತ್ತೋ ನೂರೋ ರೂಪಾಯಿ ಕಟ್ಟಿಸಿಕೊಂಡು ಮೊಬೈಲಿನಲ್ಲಿ ನಮೂದಿಸುತ್ತಾರೆ. ಕೂಡಲೇ ಎಡಬ್ಲ್ಯುಎಸ್ ಲ್ಯಾಂಬ್ಡಾದಲ್ಲಿ (ಕರೆ ಬಂದಾಗ ಮಾತ್ರ ನಮ್ಮ ಕೋಡ್ ಓಡಿಸುವ ಅಮೆಜಾನ್ ಕ್ಲೌಡಿನ ಸೇವೆ, ಇಂಥದ್ದಕ್ಕೇ ಸರ್ವರ್‌ಲೆಸ್ ಅನ್ನುವುದು) ಒಂದು ಪೈಥಾನ್ ಫಂಕ್ಷನ್ ಎದ್ದು, ಲೆಕ್ಕ ಬರೆದು, ಕನ್ನಡದಲ್ಲಿ ರಸೀದಿಯ ಚಿತ್ರ ತಯಾರಿಸಿ ಕಳಿಸುತ್ತದೆ. ದಿನವಿಡೀ ಒಂದು ಸರ್ವರ್ ಸಾಕುವ ಖರ್ಚು ಸಂಘಕ್ಕಿಲ್ಲ. ಹೂವು ಕಟ್ಟಿ ಮಾರುವವರ ಉಳಿತಾಯದ ದುಡ್ಡು ಅದು. ರಸೀದಿಯಲ್ಲಿ ತಾರೀಖು ತಪ್ಪಬಾರದು, ಹೆಸರು ಕೆಡಬಾರದು, ಒಂದು ಕಂತು ಎರಡು ಸಲ ಜಮೆ ಆಗಬಾರದು.

ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಕೋಡ್ ತೋರಿಸುವ ಮುಂಚೆ ನಾನು ಅದು ಓಡುವ ಜಾಗವನ್ನು ಕಟ್ಟಿಸುತ್ತೇನೆ. ಲ್ಯಾಪ್‌ಟಾಪ್ ಬಲು ಉದಾರಿ. 16 ಜಿಬಿ ಮೆಮೊರಿ, ಎಲ್ಲಿ ಬೇಕಾದರೂ ಫೈಲ್ ಬರೆಯುವ ಸ್ವಾತಂತ್ರ್ಯ, ಭಾರತದ ಗಡಿಯಾರ, ಕನ್ನಡದ ಫಾಂಟು, ಎಲ್ಲವನ್ನೂ ಕೇಳುವ ಮೊದಲೇ ಕೊಟ್ಟಿರುತ್ತದೆ. ಲ್ಯಾಂಬ್ಡಾ ಹಾಗಲ್ಲ. ಅಲ್ಲಿ ಕೇಳಿ ಪಡೆದದ್ದು ಮಾತ್ರ ನಮ್ಮದು. ಹಾಗಾಗಿ ಕಂಟೇನರ್, ಅಂದರೆ ಕೋಡನ್ನು ಅದಕ್ಕೆ ಬೇಕಾದ ಸಾಮಾನಿನ ಜೊತೆ ಪ್ರತ್ಯೇಕವಾಗಿ ಓಡಿಸುವ ಪೆಟ್ಟಿಗೆ, ಕಟ್ಟುವಾಗ ನಾನು ಹೆಚ್ಚು ಹೊತ್ತು ಕೊಡುವುದು ಲ್ಯಾಪ್‌ಟಾಪಿನ ಈ ಸೌಲಭ್ಯಗಳನ್ನು ಒಂದೊಂದಾಗಿ ಕಿತ್ತುಕೊಳ್ಳುವುದಕ್ಕೆ.

ಮೊದಲು ಡಾಕರ್

ಕಂಟೇನರ್ ಕಟ್ಟಿ ಓಡಿಸುವ ಸಾಧನ ಡಾಕರ್. ಉಬುಂಟು ಇದ್ದರೆ ಡಾಕರ್ ಎಂಜಿನ್ ನೇರವಾಗಿ ಹಾಕಿಕೊಳ್ಳಿ. ವಿಂಡೋಸ್ ಆದರೆ ಅದರೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2 ಬೇಕು. ಕೋಡ್ ಇರುವ ಫೋಲ್ಡರನ್ನು ಅದರ ಲಿನಕ್ಸ್ ಭಾಗದೊಳಗೇ ಇಡಿ. ಸಿ ಡ್ರೈವಿನಲ್ಲಿಟ್ಟು ಅಲ್ಲಿಂದ ಜೋಡಿಸಿದರೆ ಕೆಲಸ ನಿಧಾನವಾಗುತ್ತದೆ, ಫೈಲಿನ ಅನುಮತಿಗಳೂ ಗೊಂದಲವಾಗುತ್ತವೆ. ಮ್ಯಾಕ್ ಇದ್ದವರು ಡಾಕರ್ ಡೆಸ್ಕ್‌ಟಾಪ್ ಅಥವಾ ಕೊಲಿಮಾ ಬಳಸಬಹುದು. 250ಕ್ಕಿಂತ ಹೆಚ್ಚು ನೌಕರರಿರುವ ಅಥವಾ ವರ್ಷಕ್ಕೆ 1 ಕೋಟಿ ಡಾಲರ್ ಮೀರಿದ ವರಮಾನವಿರುವ ಕಂಪನಿಯವರು ಡಾಕರ್ ಡೆಸ್ಕ್‌ಟಾಪ್‌ಗೆ ಹಣ ಕೊಡಬೇಕು. ಹೊರ ವರ್ತುಲ ರಸ್ತೆಯ ದೊಡ್ಡ ಕಂಪನಿಗಳಲ್ಲಿ ಇರುವವರು ಹಾಕಿಕೊಳ್ಳುವ ಮುಂಚೆ ಅಲ್ಲಿನ ಐಟಿ ವಿಭಾಗವನ್ನು ಒಂದು ಮಾತು ಕೇಳಿ. 8 ಜಿಬಿ ಮಾತ್ರ ಇರುವ ಹಳೆಯ ಲ್ಯಾಪ್‌ಟಾಪ್ ಆಗಿದ್ದು, ಜಾಗವಿದ್ದರೆ, ಎಸ್.ಪಿ. ರಸ್ತೆಗೆ ಹೋಗಿ ಇನ್ನೊಂದು ರ‍್ಯಾಮ್ ಹಾಕಿಸಿಕೊಂಡು ಬನ್ನಿ. ಎಡಿಟರ್, ಬ್ರೌಸರ್, ಎರಡು ಮೂರು ಕಂಟೇನರ್ ಒಟ್ಟಿಗೆ ಓಡುವಾಗ 8 ಜಿಬಿ ಸಾಲದು.

ಇಮೇಜ್ ಕಟ್ಟುವುದು

ಲ್ಯಾಂಬ್ಡಾ 2014ರಲ್ಲಿ ಬಂದಾಗ ಕೋಡನ್ನು ಜಿಪ್ ಮಾಡಿ ಕೊಡಬೇಕಿತ್ತು. 2020ರ ಡಿಸೆಂಬರಿನಿಂದ ಕಂಟೇನರ್ ಇಮೇಜನ್ನೇ, ಅಂದರೆ ಕಂಟೇನರ್ ಎಬ್ಬಿಸಲು ಬೇಕಾದ ಎಲ್ಲವೂ ತುಂಬಿದ ಕಟ್ಟನ್ನೇ, ಕೊಡಬಹುದು, 10 ಜಿಬಿ ತನಕ. ನಮಗೆ ಇದು ದೊಡ್ಡ ಅನುಕೂಲ. ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡಿದ ಇಮೇಜೇ ಮುಂಬೈಯ ಎಡಬ್ಲ್ಯುಎಸ್ ಯಂತ್ರಗಳಲ್ಲೂ ಓಡುತ್ತದೆ.

ಇಮೇಜ್ ಕಟ್ಟುವ ಕ್ರಮ ಬರೆಯುವ ಡಾಕರ್‌ಫೈಲಿನ ಮೊದಲ ಸಾಲಿನಲ್ಲಿ ಅಮೆಜಾನಿನ ಇಮೇಜ್ ಉಗ್ರಾಣವಾದ ಪಬ್ಲಿಕ್ ಇಸಿಆರ್‌ನಲ್ಲಿರುವ ಲ್ಯಾಂಬ್ಡಾ ಪೈಥಾನ್ 3.12 ಇಮೇಜನ್ನು ಆಧಾರವಾಗಿ ತೆಗೆದುಕೊಳ್ಳಿ. ಡಾಕರ್ ಹಬ್‌ನ ಪೈಥಾನ್ ಸ್ಲಿಮ್ ಚಿಕ್ಕದು ನಿಜ, ಆದರೆ ಅದರ ಬುಡದಲ್ಲಿರುವುದು ಡೆಬಿಯನ್. ಲ್ಯಾಂಬ್ಡಾದ 3.12 ಇಮೇಜಿನ ಬುಡದಲ್ಲಿ ಅಮೆಜಾನ್ ಲಿನಕ್ಸ್ 2023 ಇದೆ. ಅದಲ್ಲದೆ ಈ ಇಮೇಜಿನೊಳಗೆ ಲ್ಯಾಂಬ್ಡಾವನ್ನು ಅನುಕರಿಸುವ ಒಂದು ಚಿಕ್ಕ ಪ್ರೋಗ್ರಾಂ ಕೂಡ ಬರುತ್ತದೆ, ರನ್‌ಟೈಮ್ ಇಂಟರ್‌ಫೇಸ್ ಎಮ್ಯುಲೇಟರ್ ಅಂತ. ಅದು ಮುಂದೆ ಬೇಕಾಗುತ್ತದೆ.

ಎರಡನೆಯ ಹಂತದಲ್ಲಿ ಸಿಸ್ಟಮ್ ಲೈಬ್ರರಿಗಳು, ಮೂರನೆಯದರಲ್ಲಿ ಫಾಂಟು, ಆಮೇಲೆ ಪೈಥಾನ್ ಲೈಬ್ರರಿಗಳ ಪಟ್ಟಿಯಾದ ರಿಕ್ವೈರ್‌ಮೆಂಟ್ಸ್ ಫೈಲನ್ನು ಕಾಪಿ ಮಾಡಿ ಅವನ್ನು ಹಾಕಲು ಪಿಪ್ ಇನ್‌ಸ್ಟಾಲ್, ಕಟ್ಟಕಡೆಗೆ ನಮ್ಮ ಕೋಡು. ಈ ಕ್ರಮ ಬದಲಿಸಬೇಡಿ. ಡಾಕರ್ ಪ್ರತಿ ಹಂತವನ್ನೂ ಒಂದು ಪದರವಾಗಿ ಉಳಿಸಿಕೊಳ್ಳುತ್ತದೆ. ಒಂದು ಪದರ ಬದಲಾದರೆ ಅದರ ನಂತರದ ಎಲ್ಲವನ್ನೂ ಹೊಸದಾಗಿ ಕಟ್ಟುತ್ತದೆ. ಕೋಡನ್ನು ಮೊದಲೇ ಕಾಪಿ ಮಾಡಿಬಿಟ್ಟರೆ, ಒಂದು ಅಲ್ಪವಿರಾಮ ತಿದ್ದಿದರೂ ಅಷ್ಟೂ ಲೈಬ್ರರಿಗಳನ್ನು ಮತ್ತೆ ಇಳಿಸಿಕೊಳ್ಳುತ್ತ ಕೂರಬೇಕು. ಕರೆಂಟು ಹೋಗಿ ಫೋನಿನ ಹಾಟ್‌ಸ್ಪಾಟ್ ಹಿಡಿದು ಕೂತ ಸಂಜೆ ಇದರ ಬೆಲೆ ಚೆನ್ನಾಗಿ ತಿಳಿಯುತ್ತದೆ.

ಕೊನೆಯ ಸಿಎಂಡಿ ಸಾಲಿನಲ್ಲಿ ಫೈಲಿನ ಹೆಸರು, ಚುಕ್ಕಿ, ಹ್ಯಾಂಡ್ಲರ್ (ಲ್ಯಾಂಬ್ಡಾ ಕರೆಯುವ) ಫಂಕ್ಷನ್ನಿನ ಹೆಸರು. ಅಷ್ಟು ಸಾಕು. ಪಕ್ಕದಲ್ಲಿ, ಇಮೇಜಿಗೆ ಸೇರಬಾರದ್ದನ್ನು ಪಟ್ಟಿ ಮಾಡುವ ಡಾಕರ್‌ಇಗ್ನೋರ್ ಫೈಲ್ ಇರಲೇಬೇಕು. ಗಿಟ್ ಫೋಲ್ಡರ್, ವರ್ಚುವಲ್ ಎನ್ವಿರಾನ್‌ಮೆಂಟ್, ಪಾಸ್‌ವರ್ಡ್ ಇರುವ ಎನ್ವ್ ಫೈಲ್ ಇವು ಮೂರೂ ಅದರಲ್ಲಿರಲಿ. ಒಮ್ಮೆ ಇಮೇಜಿನ ಪದರದೊಳಗೆ ಸೇರಿದ ಕೀಲಿಯನ್ನು ಮುಂದಿನ ಪದರದಲ್ಲಿ ಅಳಿಸಿದರೂ ಹಿಂದಿನದರಲ್ಲಿ ಅದು ಹಾಗೇ ಕುಳಿತಿರುತ್ತದೆ.

ಇನ್ನು ಪ್ರೊಸೆಸರ್. ನಮ್ಮಲ್ಲಿ ಅರ್ಧ ಜನರ ಹತ್ತಿರ ಎಂ ಸರಣಿಯ ಮ್ಯಾಕ್, ಉಳಿದವರದು ಇಂಟೆಲ್. ಮ್ಯಾಕ್‌ನಲ್ಲಿ ಏನೂ ಹೇಳದೆ ಕಟ್ಟಿದ ಇಮೇಜು ಅದರ ಪ್ರೊಸೆಸರಿನ ಬಗೆಯಾದ ಆರ್ಮ್64ಗೆ ಸಿದ್ಧವಾಗುತ್ತದೆ. ಫಂಕ್ಷನ್ ಇಂಟೆಲ್ ಬಗೆಯ ಎಕ್ಸ್86ಗೆ ಇದ್ದರೆ ಅದು ಅಲ್ಲಿ ಏಳುವುದೇ ಇಲ್ಲ, ಎಕ್ಸೆಕ್ ಫಾರ್ಮ್ಯಾಟ್ ಎರರ್ ಅನ್ನುತ್ತದೆ. ಲ್ಯಾಂಬ್ಡಾ ಎರಡನ್ನೂ ಒಪ್ಪುತ್ತದೆ, ಹಾಗಾಗಿ ತಂಡವೆಲ್ಲ ಕೂತು ಒಂದನ್ನು ಆರಿಸಿ, ಬಿಲ್ಡ್ ಆಜ್ಞೆಯಲ್ಲಿ ಪ್ಲಾಟ್‌ಫಾರ್ಮ್ ಆಯ್ಕೆಯನ್ನು ಪ್ರತಿ ಸಲವೂ ಬರೆಯಿರಿ. ಡಾಕರಿನ ಬಿಲ್ಡ್ ಸಾಧನ ಬಿಲ್ಡ್‌ಎಕ್ಸ್ ಬಳಸುವಾಗ ಪ್ರಾವೆನೆನ್ಸ್ ಆಯ್ಕೆಯನ್ನು ಫಾಲ್ಸ್ ಮಾಡಿ. ಇಲ್ಲದಿದ್ದರೆ ಅದು ಇಮೇಜಿನ ಜೊತೆ ಇನ್ನೊಂದು ದಾಖಲೆ ಸೇರಿಸಿ ಎರಡಕ್ಕೂ ಒಂದು ಸೂಚಿ ಮಾಡುತ್ತದೆ, ಲ್ಯಾಂಬ್ಡಾ ಆ ಸೂಚಿಯನ್ನು ಸ್ವೀಕರಿಸುವುದಿಲ್ಲ.

ಬಿಗಿ ಮಾಡಿ ಓಡಿಸುವುದು

ಡಾಕರ್ ರನ್ ಕೊಡುವಾಗ ಲ್ಯಾಪ್‌ಟಾಪಿನ 9000 ಪೋರ್ಟನ್ನು ಕಂಟೇನರಿನ 8080ಕ್ಕೆ ಜೋಡಿಸಿ. ಎಮ್ಯುಲೇಟರ್ ಅಲ್ಲಿ ಕಾಯುತ್ತಿರುತ್ತದೆ. ಟರ್ಮಿನಲ್ಲಿನಿಂದ ವೆಬ್ ಕೋರಿಕೆ ಕಳಿಸುವ ಕರ್ಲ್‌ನಿಂದ ಲೋಕಲ್‌ಹೋಸ್ಟಿನ (ನಿಮ್ಮ ಲ್ಯಾಪ್‌ಟಾಪಿನ) 9000ಕ್ಕೆ ಈವೆಂಟನ್ನು, ಅಂದರೆ ಫಂಕ್ಷನ್ನಿಗೆ ಕೊಡುವ ಮಾಹಿತಿಯನ್ನು, ಪೋಸ್ಟ್ ಮಾಡಬೇಕು. ವಿಳಾಸದ ಮುಂದಿನ ಭಾಗದಲ್ಲಿ 2015-03-31, ಫಂಕ್ಷನ್ಸ್, ಫಂಕ್ಷನ್, ಇನ್ವೊಕೇಶನ್ಸ್ ಎಂಬ ನಾಲ್ಕು ತುಂಡುಗಳು ಓರೆಗೆರೆ ಹಾಕಿಕೊಂಡು ಇದೇ ಕ್ರಮದಲ್ಲಿ ಬರುತ್ತವೆ. ಆ ತಾರೀಖು ಲ್ಯಾಂಬ್ಡಾ ಎಪಿಐ ಆವೃತ್ತಿಯದು, ಅದನ್ನು ಮುಟ್ಟಬೇಡಿ. ಮೂರನೆಯ ತುಂಡಿನಲ್ಲಿ ನಿಮ್ಮ ಫಂಕ್ಷನ್ನಿನ ಹೆಸರು ಬರೆಯಬೇಕೆಂದು ಅನ್ನಿಸಬಹುದು. ಬರೆಯಬೇಡಿ, ಫಂಕ್ಷನ್ ಎಂಬ ಪದವೇ ಅಲ್ಲಿರಬೇಕು.

ಉತ್ತರ ಬಂತು ಅಂತ ಇಲ್ಲಿಗೇ ನಿಲ್ಲಿಸುವವರು ಬಹಳ. ನನ್ನ ಪ್ರಕಾರ ಕೆಲಸ ಶುರುವಾಗುವುದು ಇಲ್ಲಿಂದ. ಹಾಗೇ ಓಡಿಸಿದ ಕಂಟೇನರಿಗೆ ಲ್ಯಾಪ್‌ಟಾಪಿನ ಅಷ್ಟೂ ಮೆಮೊರಿ ಸಿಗುತ್ತದೆ, ರೂಟ್ ಅಧಿಕಾರವಿರುತ್ತದೆ, ಎಲ್ಲಿ ಬೇಕಾದರೂ ಬರೆಯಬಹುದು. ಲ್ಯಾಂಬ್ಡಾದಲ್ಲಿ ಟಿಎಂಪಿ ಫೋಲ್ಡರ್ ಬಿಟ್ಟು ಬೇರೆಲ್ಲೂ ಬರೆಯುವಂತಿಲ್ಲ, ಅದೂ ನಾವು ಹೆಚ್ಚಿಗೆ ಕೇಳದಿದ್ದರೆ 512 ಎಂಬಿ. ಆದ್ದರಿಂದ ರನ್ ಆಜ್ಞೆಗೆ ರೀಡ್-ಓನ್ಲಿ ಸೇರಿಸಿ, ಟಿಎಂಪಿಗೆ ಮಾತ್ರ ಒಂದು ಡಾಕರ್ ವಾಲ್ಯೂಮ್ (ಡಿಸ್ಕಿನಲ್ಲಿ ಜಾಗ) ಕೊಡಿ. ಮೆಮೊರಿಯಲ್ಲೇ ಫೈಲಿಡುವ ಟಿಎಂಪಿಎಫ್‌ಎಸ್ ಕೊಟ್ಟರೆ ಸುಲಭ, ಆದರೆ ಅಲ್ಲಿ ಬರೆದದ್ದೆಲ್ಲ ಕಂಟೇನರಿನ ಮೆಮೊರಿ ಲೆಕ್ಕಕ್ಕೆ ಸೇರುತ್ತದೆ. ಲ್ಯಾಂಬ್ಡಾದಲ್ಲಿ ಅವೆರಡೂ ಬೇರೆ ಬೇರೆ.

ಮೆಮೊರಿಗೆ ನಮ್ಮ ಫಂಕ್ಷನ್ನಿಗೆ ಇಟ್ಟಿರುವ 512 ಎಂಬಿಯನ್ನೇ ಇಲ್ಲೂ ಕೊಡಿ. ಮೆಮೊರಿ-ಸ್ವಾಪ್ ಆಯ್ಕೆಗೂ ಅಷ್ಟೇ ಅಂಕಿ ಇರಲಿ. ಅದನ್ನು ಬಿಟ್ಟರೆ ಡಾಕರ್ ಇನ್ನೊಂದು ಅಷ್ಟನ್ನು ಡಿಸ್ಕಿನಲ್ಲಿರುವ ಸ್ವಾಪ್‌ನಿಂದ ಬಳಸಲು ಬಿಡುತ್ತದೆ, ಮಿತಿ ಸದ್ದಿಲ್ಲದೆ ಎರಡರಷ್ಟಾಗುತ್ತದೆ. ಮೆಮೊರಿ ಮೀರಿದರೆ ಫಂಕ್ಷನ್ ಕೆಲಸದ ನಡುವೆಯೇ ಸಾಯುತ್ತದೆ. ಲ್ಯಾಂಬ್ಡಾದಲ್ಲಿ ಪ್ರೊಸೆಸರಿನ ಪಾಲು ಮೆಮೊರಿಗೆ ತಕ್ಕಂತೆ ಸಿಗುತ್ತದೆ, 1,769 ಎಂಬಿಗೆ ಪೂರ್ತಿ ಒಂದು ವಿಸಿಪಿಯು (ವರ್ಚುವಲ್ ಪ್ರೊಸೆಸರ್). ಈ ಲೆಕ್ಕದಲ್ಲಿ 512 ಎಂಬಿಗೆ ಸುಮಾರು 0.29. ಸಿಪಿಯುಸ್ ಆಯ್ಕೆಗೆ 0.3 ಕೊಟ್ಟು ರಸೀದಿ ಎಷ್ಟು ಹೊತ್ತಿಗೆ ಬರುತ್ತದೆ ನೋಡಿ. ಲ್ಯಾಪ್‌ಟಾಪಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತಿದ್ದುದು ಇಲ್ಲಿ ತಡವರಿಸುವುದು ಕಾಣುತ್ತದೆ. ಹೊಸ ಫಂಕ್ಷನ್ನಿಗೆ ಲ್ಯಾಂಬ್ಡಾ ತಾನಾಗಿ ಇಡುವ ಕಾಲಮಿತಿ 3 ಸೆಕೆಂಡು ಮಾತ್ರ, ಹೆಚ್ಚೆಂದರೆ 900ಕ್ಕೆ ಏರಿಸಬಹುದು. ಎಷ್ಟು ಬೇಕು ಎಂಬುದನ್ನು ಈ ಬಿಗಿಯಾದ ಕಂಟೇನರ್ ನೋಡಿ ನಿರ್ಧರಿಸಿ.

ಬಳಕೆದಾರನನ್ನೂ ಬದಲಿಸಿ. ಲ್ಯಾಂಬ್ಡಾ ನಮ್ಮ ಕೋಡನ್ನು ಅಧಿಕಾರ ಬಹಳ ಕಡಿಮೆ ಇರುವ ಬಳಕೆದಾರನ ಹೆಸರಿನಲ್ಲಿ ಓಡಿಸುತ್ತದೆ. ಯಾರೋ ತಮ್ಮ ಯಂತ್ರದಲ್ಲಿ ತಾವು ಮಾತ್ರ ಓದುವಂತೆ ಇಟ್ಟುಕೊಂಡ ಫಾಂಟ್ ಫೈಲು ಅದೇ ಅನುಮತಿಯೊಂದಿಗೆ ಇಮೇಜಿಗೆ ಹೋಗುತ್ತದೆ. ಇಲ್ಲಿ ರೂಟ್ ಆಗಿ ಓಡಿಸಿದಾಗ ಓದುತ್ತದೆ, ಅಲ್ಲಿ ಪರ್ಮಿಷನ್ ಡಿನೈಡ್. ರನ್ ಆಜ್ಞೆಯಲ್ಲಿ ಯೂಸರ್ ಆಯ್ಕೆಗೆ 1000 ಕೊಟ್ಟರೆ ಇದು ಇಲ್ಲೇ ಸಿಕ್ಕಿಬೀಳುತ್ತದೆ. ಡಾಕರ್‌ಫೈಲಿನೊಳಗೆ ಯೂಸರ್ ಸಾಲು ಬರೆಯಬೇಡಿ, ಅದು ಲ್ಯಾಂಬ್ಡಾ ನೋಡಿಕೊಳ್ಳುವ ವಿಷಯ.

ಇಷ್ಟು ಆಯ್ಕೆಗಳನ್ನು ಪ್ರತಿ ಸಲ ಟೈಪ್ ಮಾಡುವುದು ಯಾರಿಂದಲೂ ಆಗದು. ಎಲ್ಲವನ್ನೂ ಒಂದು ಕಂಪೋಸ್ ಫೈಲಿಗೆ (ಡಾಕರಿನ ಆಯ್ಕೆಗಳನ್ನು ಬರೆದಿಡುವ ಫೈಲು) ಹಾಕಿ ರೆಪಾಸಿಟರಿಯಲ್ಲೇ ಇಡಿ.

ಗಡಿಯಾರ

ನಮ್ಮ ಊರಿನ ಕೆಲಸಗಳಿಗೆ ಇದಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿಲ್ಲ. ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನ ವ್ಯಾಪಾರ ಬೆಳಕು ಹರಿಯುವ ಮುಂಚೆಯೇ ಜೋರು. ಪಿಗ್ಮಿ ಏಜೆಂಟರು ಬೆಳಗಿನ ಜಾವ 4:40ಕ್ಕೆ ದುಡ್ಡು ಕಟ್ಟಿಸಿಕೊಳ್ಳುತ್ತಾರೆ ಅಂತಿಟ್ಟುಕೊಳ್ಳಿ. ಲ್ಯಾಂಬ್ಡಾದ ಗಡಿಯಾರ ಯುಟಿಸಿ, ಅಂದರೆ ಜಾಗತಿಕ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ. ಅಲ್ಲಿ ಆಗಿನ್ನೂ ಹಿಂದಿನ ರಾತ್ರಿ 11:10. ಕೋಡು ಸುಮ್ಮನೆ ಈವತ್ತಿನ ತಾರೀಖು ಯಾವುದು ಅಂತ ಕೇಳಿದರೆ ನಿನ್ನೆಯ ತಾರೀಖು ಸಿಗುತ್ತದೆ. ಮಧ್ಯರಾತ್ರಿಯಿಂದ ಬೆಳಗಿನ 5:30ರ ತನಕ ಕಟ್ಟಿದ ಪ್ರತಿ ಕಂತಿಗೂ ಹೀಗೇ. ಹಗಲು ಹತ್ತು ಗಂಟೆಗೆ ಆಫೀಸಿನಲ್ಲಿ ಕೂತು ಪರೀಕ್ಷೆ ಮಾಡಿದವರಿಗೆ ಇದು ಕಾಣುವುದೇ ಇಲ್ಲ.

ಏಪ್ರಿಲ್ 1ರ ಬೆಳಗಿನ ಜಾವ ಇನ್ನೂ ಕಷ್ಟ. 4:40ರ ಕಂತು ಮಾರ್ಚ್ 31ಕ್ಕೆ ಜಮೆಯಾದರೆ ಅದು ಹೋದ ಹಣಕಾಸು ವರ್ಷದ ಪುಸ್ತಕಕ್ಕೆ ಸೇರಿತು. ಆಡಿಟ್‌ನಲ್ಲಿ ಸಂಘದ ಕಾರ್ಯದರ್ಶಿ ಉತ್ತರ ಹೇಳಬೇಕು.

ಡಾಕರ್ ಕಂಟೇನರಿನ ಗಡಿಯಾರವೂ ಸಾಮಾನ್ಯವಾಗಿ ಯುಟಿಸಿಯಲ್ಲೇ ಇರುತ್ತದೆ, ಹಾಗೇ ಇರಲಿ. ಅನುಕೂಲವೆಂದು ಲ್ಯಾಪ್‌ಟಾಪಿನ ಸಮಯವಲಯದ ಫೈಲನ್ನು ಕಂಟೇನರಿಗೆ ಜೋಡಿಸಬೇಡಿ, ಟಿಝಡ್ ಎನ್ವಿರಾನ್‌ಮೆಂಟ್ ವೇರಿಯಬಲ್ಲನ್ನೂ ಇಡಬೇಡಿ. ಸಂಗ್ರಹಿಸುವುದು ಯುಟಿಸಿಯಲ್ಲಿ, ತಾರೀಖು ಬೇಕಾದ ಕಡೆ ಮಾತ್ರ ಕೋಡಿನೊಳಗೆ ಪೈಥಾನಿನ ಝೋನ್‌ಇನ್ಫೋ ಬಳಸಿ ಏಷ್ಯಾ ಕೋಲ್ಕತಾಗೆ, ಅಂದರೆ ಭಾರತದ ಸಮಯಕ್ಕೆ, ತಿರುಗಿಸಿಕೊಳ್ಳಿ. ಟಿಝಡ್‌ಡೇಟಾ ಪ್ಯಾಕೇಜನ್ನು ರಿಕ್ವೈರ್‌ಮೆಂಟ್ಸ್‌ನಲ್ಲಿ ಬರೆದಿಟ್ಟರೆ ಇಮೇಜಿನಲ್ಲಿ ವಲಯದ ಮಾಹಿತಿ ಇದೆಯೋ ಇಲ್ಲವೋ ಅನ್ನುವ ಚಿಂತೆ ಇರುವುದಿಲ್ಲ. ಆಮೇಲೆ ಈವೆಂಟ್ಸ್ ಎಂಬ ಫೋಲ್ಡರ್ ಮಾಡಿ ಜೇಸನ್ ಫೈಲುಗಳನ್ನು ತುಂಬಿಸಿ: ಏಪ್ರಿಲ್ 1ರ 4:40, ಯಾವುದೋ ದಿನದ 5:29, ಅದೇ ದಿನದ 5:31, ರಾತ್ರಿ 11:59. ಪ್ರತಿ ಬದಲಾವಣೆಗೂ ಇವೆಲ್ಲವನ್ನೂ ಕರ್ಲ್‌ನಿಂದ ಕಳಿಸುವ ಒಂದು ಚಿಕ್ಕ ಸ್ಕ್ರಿಪ್ಟ್ ಇರಲಿ. ದಿನದ ಕೊನೆಗೆ ಲೆಕ್ಕ ಮುಚ್ಚುವ ಫಂಕ್ಷನ್ನಿಗೂ ಇದೇ ಎಚ್ಚರ ಬೇಕು. ಗೊತ್ತಾದ ಹೊತ್ತಿಗೆ ಫಂಕ್ಷನ್ ಎಬ್ಬಿಸುವ ಈವೆಂಟ್‌ಬ್ರಿಡ್ಜ್ ರೂಲ್‌ನ ಕ್ರಾನ್ ವೇಳಾಪಟ್ಟಿ ಯುಟಿಸಿಯಲ್ಲಿ ನಡೆಯುತ್ತದೆ. 2022ರಲ್ಲಿ ಬಂದ ಈವೆಂಟ್‌ಬ್ರಿಡ್ಜ್ ಶೆಡ್ಯೂಲರ್‌ನಲ್ಲಿ ನಮ್ಮ ಸಮಯವಲಯವನ್ನೇ ಹೇಳಬಹುದು, ಹೊಸದಾಗಿ ಮಾಡುವವರು ಅದನ್ನೇ ಬಳಸಿ.

ಲಕ್ಷ್ಮಮ್ಮನವರ ಹೆಸರು

ರಸೀದಿಯ ಚಿತ್ರವನ್ನು ನಾವು ಪೈಥಾನಿನ ಪಿಲ್ಲೋ ಲೈಬ್ರರಿಯಿಂದ ಮಾಡುತ್ತೇವೆ. ಲ್ಯಾಂಬ್ಡಾದ ಆಧಾರ ಇಮೇಜಿನಲ್ಲಿ ಕನ್ನಡ ಫಾಂಟು ಇರುವುದಿಲ್ಲ. ನೋಟೊ ಸ್ಯಾನ್ಸ್ ಕನ್ನಡ ಮುಕ್ತ ಪರವಾನಗಿಯ ಫಾಂಟು, ಅದರ ಫೈಲನ್ನು ರೆಪಾಸಿಟರಿಯಲ್ಲಿಟ್ಟು ಇಮೇಜಿಗೆ ಕಾಪಿ ಮಾಡಿ, ಕೋಡಿನಲ್ಲಿ ಅದರ ಪೂರ್ತಿ ದಾರಿ ಬರೆಯಿರಿ.

ಫಾಂಟು ಸಿಕ್ಕಿದರೂ ಕನ್ನಡ ಸರಿಯಾಗಿ ಬರುತ್ತದೆ ಅಂತಲ್ಲ. ಇಂಗ್ಲಿಷಿನಲ್ಲಿ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಮುಗಿಯಿತು. ಕನ್ನಡದಲ್ಲಿ ಒತ್ತು ಕೆಳಗೆ ಹೋಗಬೇಕು, ಗುಣಿತ ಅಂಟಿಕೊಳ್ಳಬೇಕು, ಅರ್ಕಾವೊತ್ತು ಬಲಕ್ಕೆ ಬರಬೇಕು. ಈ ಜೋಡಣೆಯನ್ನು ಪಿಲ್ಲೋ ರಾಕ್ಮ್ ಎಂಬ ಲೈಬ್ರರಿಗೆ ವಹಿಸುತ್ತದೆ. ರಾಕ್ಮ್ ಪಿಲ್ಲೋದ ಜೊತೆಗೇ ಬರುತ್ತದೆ, ಆದರೆ ಅದಕ್ಕೆ ಬೇಕಾದ ಫ್ರಿಬಿಡಿ ಎಂಬ ಇನ್ನೊಂದು ಲೈಬ್ರರಿಯನ್ನು ಓಡುವ ಹೊತ್ತಿಗೆ ಸಿಸ್ಟಮ್‌ನಲ್ಲಿ ಹುಡುಕುತ್ತದೆ. ಸಿಗದಿದ್ದರೆ ಪಿಲ್ಲೋ ಸಾದಾ ಜೋಡಣೆಗೆ ಇಳಿಯುತ್ತದೆ, ಕೆಲಸ ನಿಲ್ಲುವುದಿಲ್ಲ. ಚಿತ್ರ ಬರುತ್ತದೆ, ಲಾಗ್ ಸ್ವಚ್ಛವಾಗಿರುತ್ತದೆ, ಹೂವು ಮಾರುವ ಲಕ್ಷ್ಮಮ್ಮನವರ ಹೆಸರಿನ ಒತ್ತುಗಳು ಮಾತ್ರ ಬಿಡಿಬಿಡಿಯಾಗಿ ಚೆಲ್ಲಿಕೊಂಡಿರುತ್ತವೆ. ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಫ್ರಿಬಿಡಿ ಮೊದಲೇ ಇರುವುದರಿಂದ ಕಂಟೇನರ್ ಇಲ್ಲದೆ ಓಡಿಸಿ ನೋಡುವವರಿಗೆ ಈ ತೊಂದರೆ ತಿಳಿಯುವುದೇ ಇಲ್ಲ. ನಾನು ಸಿಸ್ಟಮ್ ಲೈಬ್ರರಿಗಳು ಅಂದ ಎರಡನೆಯ ಹಂತ ಇದಕ್ಕಾಗಿಯೇ. ಅಲ್ಲಿ ಅಮೆಜಾನ್ ಲಿನಕ್ಸಿನ ಪ್ಯಾಕೇಜ್ ಸಾಧನ ಡಿಎನ್‌ಎಫ್‌ನಿಂದ ಫ್ರಿಬಿಡಿ ಹಾಕಿ, ಫಂಕ್ಷನ್ ಏಳುವಾಗ ಪಿಲ್ಲೋದ ಫೀಚರ್ಸ್ ಮೂಲಕ ರಾಕ್ಮ್ ಇದೆಯೇ ಅಂತ ಕೇಳಿ, ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ. ಕೆಟ್ಟ ಹೆಸರಿನ ರಸೀದಿ ಕಳಿಸುವುದಕ್ಕಿಂತ ನಿಂತುಹೋಗುವುದು ಮೇಲು. ತಮ್ಮ ಹೆಸರನ್ನೇ ಓದಲಾಗದ ರಸೀದಿಯನ್ನು ಆ ತಾಯಿ ನಂಬುವುದಾದರೂ ಹೇಗೆ?

ಪರೀಕ್ಷೆಗೆ ಕಷ್ಟದ ಹೆಸರುಗಳನ್ನೇ ಆರಿಸಿ: ಲಕ್ಷ್ಮಮ್ಮ, ಕೃಷ್ಣಪ್ಪ, ಜ್ಯೋತ್ಸ್ನಾ, ಸೂರ್ಯನಾರಾಯಣ. ಸಂಘದ ನಿಜವಾದ ಸದಸ್ಯರ ಪಟ್ಟಿಯನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬೇಡಿ. ಬೇರೆಯವರ ಉಳಿತಾಯದ ವಿವರ ನಮ್ಮ ಬ್ಯಾಗಿನಲ್ಲಿ ಬಿಎಂಟಿಸಿ ಬಸ್ಸು ಹತ್ತಬಾರದು.

ಪಕ್ಕದ ಕಂಟೇನರ್

ಲೆಕ್ಕ ಕೂರುವುದು ಅಮೆಜಾನಿನ ಡೇಟಾಬೇಸ್ ಸೇವೆಯಾದ ಡೈನಮೋಡಿಬಿಯಲ್ಲಿ. ಅಮೆಜಾನೇ ಕೊಡುವ ಡೈನಮೋಡಿಬಿ ಲೋಕಲ್ ಇಮೇಜನ್ನು ಅದೇ ಕಂಪೋಸ್ ಫೈಲಿನಲ್ಲಿ ಎರಡನೆಯ ಸರ್ವೀಸ್ ಮಾಡಿ, ಅದರ ಪೋರ್ಟು 8000. ಫಂಕ್ಷನ್ನಿಗೆ ಎಡಬ್ಲ್ಯುಎಸ್ ಎಂಡ್‌ಪಾಯಿಂಟ್ ವೇರಿಯಬಲ್ಲಿನಲ್ಲಿ ಆ ಸರ್ವೀಸಿನ ಹೆಸರನ್ನೂ ಪೋರ್ಟನ್ನೂ ಕೊಡಿ. ಲೋಕಲ್‌ಹೋಸ್ಟ್ ಅಂತ ಬರೆದರೆ ನಡೆಯುವುದಿಲ್ಲ, ಕಂಟೇನರಿನೊಳಗೆ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರೇ. ಕೀಲಿಗಳಿಗೆ ಸುಳ್ಳು ಹೆಸರು ಸಾಕು, ಆದರೆ ಆಕ್ಸೆಸ್ ಕೀಯಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಬೇರೆ ಚಿಹ್ನೆ ಬೇಡ, ಹೊಸ ಆವೃತ್ತಿಗಳು ಒಪ್ಪುವುದಿಲ್ಲ. ಶೇರ್ಡ್‌ಡಿಬಿ ಆಯ್ಕೆ ಹಾಕಿಕೊಳ್ಳಿ. ಇಲ್ಲದಿದ್ದರೆ ಕೀಲಿಗೊಂದು, ರೀಜನ್ನಿಗೊಂದು ಬೇರೆ ಬೇರೆ ಡೇಟಾಬೇಸ್ ಆಗಿ, ಈಗ ತಾನೇ ಮಾಡಿದ ಟೇಬಲ್ಲು ಫಂಕ್ಷನ್ನಿಗೆ ಕಾಣದೆ ಹೋಗಬಹುದು.

ಇದು ಸಿದ್ಧವಾದ ಮೇಲೆ ಎರಡು ಪರೀಕ್ಷೆ ತಪ್ಪಿಸಬೇಡಿ. ಒಂದು, ಅದೇ ಈವೆಂಟನ್ನು ಎರಡು ಸಲ ಕಳಿಸುವುದು. ಮಾರ್ಕೆಟ್ಟಿನ ನೆಲಮಾಳಿಗೆಯಲ್ಲಿ ಸಿಗ್ನಲ್ ಸಿಗದೆ ಮೊಬೈಲು ಮತ್ತೆ ಕಳಿಸಬಹುದು, ಅಸಿಂಕ್ರನಸ್ (ಉತ್ತರಕ್ಕೆ ಕಾಯದ) ಕರೆ ಸೋತರೆ ಲ್ಯಾಂಬ್ಡಾ ತಾನಾಗಿಯೇ ಇನ್ನೂ ಎರಡು ಸಲ ಪ್ರಯತ್ನಿಸುತ್ತದೆ. ಮೊಬೈಲಿನಲ್ಲೇ ಹುಟ್ಟಿದ ಒಂದು ರಸೀದಿ ಸಂಖ್ಯೆ ಇಟ್ಟು, ಆ ಸಂಖ್ಯೆ ಮೊದಲೇ ಇದ್ದರೆ ಬರೆಯಬೇಡ ಎಂಬ ಷರತ್ತಿನೊಂದಿಗೆ ಬರೆಯಿಸಿ. ಇನ್ನೊಂದು, ಕಂಟೇನರ್ ನಿಲ್ಲಿಸದೆ ಬೇರೆ ಬೇರೆ ಇಬ್ಬರ ಈವೆಂಟುಗಳನ್ನು ಸಾಲಾಗಿ ಕಳಿಸುವುದು. ಲ್ಯಾಂಬ್ಡಾ ಒಂದು ಕರೆ ಮುಗಿದ ಮೇಲೆ ಅದೇ ಪರಿಸರವನ್ನು ಮುಂದಿನ ಕರೆಗೂ ಬಳಸಬಹುದು. ಗ್ಲೋಬಲ್ ವೇರಿಯಬಲ್‌ಗಳು, ಟಿಎಂಪಿಯ ಫೈಲುಗಳು ಹಾಗೇ ಉಳಿದಿರುತ್ತವೆ. ರಸೀದಿಯನ್ನು ಪ್ರತಿ ಸಲ ಒಂದೇ ಹೆಸರಿನ ಫೈಲಿಗೆ ಬರೆಯುವ ಕೋಡು ಎಲ್ಲೋ ಮಧ್ಯದಲ್ಲಿ ಸೋತರೆ, ಕೃಷ್ಣಪ್ಪನವರಿಗೆ ಲಕ್ಷ್ಮಮ್ಮನವರ ರಸೀದಿ ಹೋದೀತು.

ದಿನದ ಕೆಲಸ

ಪ್ರತಿ ತಿದ್ದುಪಡಿಗೂ ಇಮೇಜ್ ಕಟ್ಟಬೇಕಾಗಿಲ್ಲ. ಆ್ಯಪ್ ಫೈಲನ್ನು ಮಾತ್ರ ಕಂಟೇನರಿನಲ್ಲಿ ಕೋಡು ಕೂರುವ ವಾರ್ ಟಾಸ್ಕ್ ಫೋಲ್ಡರಿನೊಳಕ್ಕೆ ಓದುವುದಕ್ಕಷ್ಟೇ ಜೋಡಿಸಿ. ಇಡೀ ಫೋಲ್ಡರನ್ನು ಅದರ ಮೇಲೆ ಜೋಡಿಸಿದರೆ, ಲೈಬ್ರರಿಗಳನ್ನು ಅಲ್ಲೇ ಹಾಕಿದ್ದ ಪಕ್ಷದಲ್ಲಿ ಅವು ಮರೆಯಾಗಿ ಮಾಡ್ಯೂಲ್ ಸಿಗಲಿಲ್ಲ ಎಂಬ ದೂರು ಬರುತ್ತದೆ. ಪೈಥಾನ್ ಒಮ್ಮೆ ಓದಿಕೊಂಡ ಕೋಡನ್ನು ಹಿಡಿದುಕೊಂಡಿರುವುದರಿಂದ ತಿದ್ದಿದ ಮೇಲೆ ಕಂಟೇನರ್ ರೀಸ್ಟಾರ್ಟ್ ಆಗಬೇಕು. ಕಂಪೋಸ್ ರೀಸ್ಟಾರ್ಟ್ ಆಜ್ಞೆ ಕೊಟ್ಟರೆ ಸಾಕು.

ಪೈಟೆಸ್ಟ್, ಡಿಬಗ್‌ಪೈ ಮುಂತಾದ ಪರೀಕ್ಷೆಯ, ದೋಷ ಹುಡುಕುವ ಸಾಧನಗಳು ಲ್ಯಾಂಬ್ಡಾಗೆ ಹೋಗುವ ಇಮೇಜಿನಲ್ಲಿ ಇರಬಾರದು. ಡಾಕರ್‌ಫೈಲಿನಲ್ಲೇ ಎರಡು ಹಂತ (ಸ್ಟೇಜ್) ಮಾಡಿ, ಅಭಿವೃದ್ಧಿಯ ಹಂತಕ್ಕೆ ಮಾತ್ರ ಅವನ್ನು ಸೇರಿಸಿ. ವಿಎಸ್ ಕೋಡ್ ಬಳಸುವವರು ಡೆವ್‌ಕಂಟೇನರ್ ಫೋಲ್ಡರಿನಲ್ಲಿ ಒಂದು ಜೇಸನ್ ಫೈಲಿಟ್ಟು ಅದೇ ಕಂಪೋಸ್ ಫೈಲನ್ನು ತೋರಿಸಿದರೆ ಎಡಿಟರ್ ಕಂಟೇನರಿನೊಳಗೇ ತೆರೆದುಕೊಳ್ಳುತ್ತದೆ. ಹೊಸಬರಿಗೆ ಇದು ಒಳ್ಳೆಯದು, ಪೈಥಾನ್ ಆವೃತ್ತಿಯ ಜಗಳವೇ ಇರುವುದಿಲ್ಲ.

ಇಷ್ಟಾದರೂ ಕಂಟೇನರ್ ತೋರಿಸಲಾರದ್ದು ಒಂದಿದೆ, ಐಎಎಂ ಅನುಮತಿಗಳು, ಅಂದರೆ ಎಡಬ್ಲ್ಯುಎಸ್‌ನಲ್ಲಿ ಯಾರು ಏನನ್ನು ಮುಟ್ಟಬಹುದು ಎಂಬ ನಿಯಮಗಳು. ಎಮ್ಯುಲೇಟರಿಗೂ ಡೈನಮೋಡಿಬಿ ಲೋಕಲ್‌ಗೂ ಅದರ ಗೊಡವೆಯಿಲ್ಲ, ಎಲ್ಲವನ್ನೂ ಬಿಟ್ಟುಕೊಡುತ್ತವೆ. ಅದಕ್ಕೆ ಪ್ರತ್ಯೇಕವಾದ ಒಂದು ಪರೀಕ್ಷಾ ಖಾತೆ ಬೇಕೇ ಬೇಕು. ಇಮೇಜನ್ನು ಫಂಕ್ಷನ್ ಇರುವ ರೀಜನ್ನಿನ ಇಸಿಆರ್‌ಗೇ ಕಳಿಸಿ. ನಮ್ಮದು ಎಪಿ-ಸೌತ್-1, ಅಂದರೆ ಮುಂಬೈ. ಲೇಟೆಸ್ಟ್ ಎಂಬ ಟ್ಯಾಗ್ ಬಳಸದೆ ಗಿಟ್ ಕಮಿಟ್‌ನ ಗುರುತನ್ನೇ ಟ್ಯಾಗ್ ಮಾಡಿ. ಹಳೆಯ ಟ್ಯಾಗಿಗೆ ಹೊಸ ಇಮೇಜ್ ತಳ್ಳಿದ ಮಾತ್ರಕ್ಕೆ ಲ್ಯಾಂಬ್ಡಾ ಅದನ್ನು ಎತ್ತಿಕೊಳ್ಳುವುದಿಲ್ಲ. ಫಂಕ್ಷನ್ ಕೋಡನ್ನು ಅಪ್‌ಡೇಟ್ ಮಾಡುವ ಆಜ್ಞೆಯನ್ನು ಬೇರೆಯಾಗಿಯೇ ಕೊಡಬೇಕು. ಆಮೇಲೆ ಈವೆಂಟ್ಸ್ ಫೋಲ್ಡರಿನ ಅವೇ ಫೈಲುಗಳನ್ನು ಪರೀಕ್ಷಾ ಖಾತೆಯ ಫಂಕ್ಷನ್ನಿಗೂ ಕಳಿಸಿ. ಆಕ್ಸೆಸ್ ಡಿನೈಡ್ ಬಂದರೆ ಅದರಲ್ಲಿ ಹೆಸರಿಸಿದ ಕ್ರಿಯೆಯೊಂದನ್ನೇ, ಆ ಟೇಬಲ್ಲಿಗೆ ಮಾತ್ರ ಸೀಮಿತವಾಗಿ, ಫಂಕ್ಷನ್ನಿನ ರೋಲ್‌ಗೆ ಸೇರಿಸಿ. ಬೇಗ ಮುಗಿಯಲಿ ಅಂತ ನಕ್ಷತ್ರ ಚಿಹ್ನೆ ಹಾಕಿ ಎಲ್ಲ ಬಾಗಿಲು ತೆರೆಯಬೇಡಿ.